ಪಾಯಿಂಟ್ ಗ್ರಾಹಕನಿಗೆ, ಖರ್ಚು ಯಾರಿಗೆ?

2019ರ ಸ್ವಾತಂತ್ರ್ಯ ದಿನದ ಹೊತ್ತಿಗೆ ಗುರುಗ್ರಾಮದ ನೂರಾರು ರೆಸ್ಟೋರೆಂಟ್‌ಗಳು ಜೊಮ್ಯಾಟೊದ ‘ಗೋಲ್ಡ್’ ಯೋಜನೆಯಿಂದ ಒಟ್ಟಾಗಿ ಹೊರನಡೆದವು. ‘ಲಾಗೌಟ್’ ಎಂಬ ಆ ಚಳವಳಿ ಕೆಲವೇ ದಿನಗಳಲ್ಲಿ ಬೇರೆ ನಗರಗಳಿಗೂ ಹಬ್ಬಿತು. ಗಿರಾಕಿಯನ್ನು ಉಳಿಸಿಕೊಳ್ಳಲು ಹೂಡಿದ ಯೋಜನೆಗೆ ಅಂಗಡಿಯವರೇ ತಿರುಗಿಬಿದ್ದ ಪ್ರಸಂಗ ಅದು. ಇಳಕಲ್ ಸೀರೆಯನ್ನೋ ಚನ್ನಪಟ್ಟಣದ ಗೊಂಬೆಯನ್ನೋ ಆನ್‌ಲೈನ್‌ನಲ್ಲಿ ಮಾರುತ್ತಾ, ‘ನಾವೂ ರಿವಾರ್ಡ್ ಪಾಯಿಂಟ್ ಕೊಡೋಣ’ ಎಂದು ಹೊರಟಿರುವ ನಮ್ಮವರು ಅದನ್ನೊಮ್ಮೆ ತಿರುಗಿ ನೋಡುವುದು ಒಳ್ಳೆಯದು.

ಗೋಲ್ಡ್ ಶುರುವಾದದ್ದು 2017ರ ನವೆಂಬರ್‌ನಲ್ಲಿ. ಸದಸ್ಯತ್ವದ ಹಣ ಜೊಮ್ಯಾಟೊಗೆ. ಒಂದು ತಿನಿಸಿಗೆ ಇನ್ನೊಂದು, ಎರಡು ಪೇಯಕ್ಕೆ ಮತ್ತೆರಡು ಬಿಟ್ಟಿ ಕೊಡುವ ಭಾರ ಹೋಟೆಲಿನವರಿಗೆ. ಸದಸ್ಯರು ಕೆಲವೇ ಮಂದಿ ಇದ್ದಾಗ ಅದು ಹೊಸ ಗಿರಾಕಿ ತರುವ ಜಾಹೀರಾತಾಗಿತ್ತು. ಸಂಖ್ಯೆ ಹತ್ತು ಲಕ್ಷದ ಹತ್ತಿರ ಬಂದಾಗ, ಮೊದಲಿನಿಂದ ಪೂರ್ತಿ ಹಣ ಕೊಡುತ್ತಿದ್ದವರೂ ಬಿಲ್ಲಿನ ಹೊತ್ತಿಗೆ ಫೋನ್ ತೋರಿಸತೊಡಗಿದರು. ಪ್ರತಿಭಟನೆಯ ಬಳಿಕ ಕಂಪನಿ ದಿನಕ್ಕೊಮ್ಮೆ, ಟೇಬಲ್ಲಿಗೆ ಎರಡೇ ಎಂದು ಮಿತಿ ಹಾಕಿತು. ಮುಂದೆ ಗೋಲ್ಡ್ ‘ಪ್ರೊ’ ಆಯಿತು, ಪ್ರೊ ನಿಂತಿತು, 2023ರ ಜನವರಿಯಲ್ಲಿ ಮತ್ತೆ ಗೋಲ್ಡ್ ಬಂತು. ಈ ಸಲ ಮುಖ್ಯ ಆಮಿಷ ಉಚಿತ ಡೆಲಿವರಿ. 2025ರ ಮೇ ತಿಂಗಳಿಂದ ಮಳೆ ಬಂದಾಗಿನ ಹೆಚ್ಚುವರಿ ಶುಲ್ಕ ಗೋಲ್ಡ್ ಸದಸ್ಯರಿಗೂ ಅನ್ವಯವಾಯಿತು. ಹೋಟೆಲಿನವರು ಹೊರಲೊಲ್ಲದ ಹೊರೆಯನ್ನು ಯಾರಾದರೂ ಹೊರಲೇಬೇಕಲ್ಲ!

ಗುರುಗ್ರಾಮದ್ದೇ ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯದ್ದು. 2006ರಲ್ಲಿ ‘ಐ-ಮಿಂಟ್’ ಎಂದು ಹುಟ್ಟಿ, 2011ರಲ್ಲಿ ‘ಪೇಬ್ಯಾಕ್’ ಆಗಿ, 2021ರಲ್ಲಿ ಭಾರತ್‌ಪೇ ಕೈಸೇರಿದ ಯೋಜನೆ ಅದು. ಬ್ಯಾಂಕು, ಪೆಟ್ರೋಲ್ ಬಂಕು, ಬಿಗ್ ಬಜಾರ್ ಎಲ್ಲ ಕಡೆಯೂ ಒಂದೇ ಪಾಯಿಂಟ್. ನಾಲ್ಕು ಪಾಯಿಂಟ್ ಸೇರಿದರೆ ಒಂದು ರೂಪಾಯಿ. ಪಾಯಿಂಟ್ ಕೊಟ್ಟ ಅಂಗಡಿ ಅದರ ಹಣವನ್ನು ಯೋಜನೆ ನಡೆಸುವ ಕಂಪನಿಗೆ ಮೊದಲೇ ಕಟ್ಟುತ್ತಿತ್ತು; ಗ್ರಾಹಕ ಬಳಸಿದಾಗ ಆ ಹಣ ಹೊರಹೋಗುತ್ತಿತ್ತು. ಬಳಸದೆ ಅವಧಿ ಮೀರಿದರೆ? ಹಣ ಕಂಪನಿಯಲ್ಲೇ ಉಳಿಯುತ್ತಿತ್ತು. ಹೀಗೆ ಉಳಿದ ಹಣಕ್ಕೆ ಜಿಎಸ್‌ಟಿ ಬೀಳುತ್ತದೆಯೇ ಎಂಬ ಪ್ರಶ್ನೆ ಹರಿಯಾಣದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಹೋದಾಗ, ಬೀಳುತ್ತದೆ ಎಂದೇ ಉತ್ತರ ಬಂತು. ಗ್ರಾಹಕನ ಮರೆವು ತೆರಿಗೆ ಹಾಕಬಹುದಾದ ವರಮಾನ ಎಂಬುದು ಆ ತೀರ್ಪಿನಿಂದ ಅಧಿಕೃತವಾಯಿತು.

ಇಲ್ಲಿಯೇ ಇಂಥ ಯೋಜನೆಗಳ ಒಳಗುಟ್ಟಿದೆ. ಪಾಯಿಂಟ್ ಎಂದರೆ ಸಾಲ. 2018ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಲೆಕ್ಕಪತ್ರ ಮಾನದಂಡವೂ ಅದನ್ನೇ ಹೇಳುತ್ತದೆ: ಮಾರಾಟದ ಹಣದಲ್ಲಿ ಪಾಯಿಂಟ್‌ಗೆ ಸಲ್ಲುವ ಪಾಲನ್ನು ಈಗಲೇ ಆದಾಯವೆಂದು ತೋರಿಸುವಂತಿಲ್ಲ. ಸಣ್ಣ ಅಂಗಡಿಗೆ ಈ ಮಾನದಂಡ ಅನ್ವಯವಾಗದಿರಬಹುದು, ಗಣಿತ ಅನ್ವಯವಾಗುತ್ತದೆ. ಸಾವಿರ ರೂಪಾಯಿ ಮಾರಾಟದಲ್ಲಿ ಇನ್ನೂರು ಉಳಿಯುತ್ತದೆ ಎನ್ನಿ. ಶೇ 5 ಪಾಯಿಂಟ್ ಕೊಟ್ಟರೆ ಐವತ್ತು ಹೋಯಿತು, ಅಂದರೆ ಲಾಭದ ಕಾಲು ಭಾಗ. ಆ ಐವತ್ತು ರೂಪಾಯಿ ಇಲ್ಲದಿದ್ದರೆ ಬಾರದೇ ಇರುತ್ತಿದ್ದ ಗಿರಾಕಿ ಎಷ್ಟು ಮಂದಿ ಬಂದರು ಎಂಬುದಷ್ಟೇ ಲೆಕ್ಕ. ಹೇಗೂ ಬರುತ್ತಿದ್ದವರಿಗೆ ಕೊಟ್ಟದ್ದು ರಿಯಾಯಿತಿ, ಅಷ್ಟೇ. ಬಹುಪಾಲು ಯೋಜನೆಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳದೆ, ಜನ ಮರೆಯುತ್ತಾರೆ ಎಂಬ ಭರವಸೆಯ ಮೇಲೆ ನಿಂತಿವೆ.

ಗಾಂಧಿ ಬಜಾರಿನ ಹೂವಾಡಗಿತ್ತಿ ಮೊಳ ಅಳೆದ ಮೇಲೆ ಬಿಡುವ ನಾಲ್ಕು ಬೆರಳ ಕೊಸರಿಗೆ ಆ್ಯಪ್ ಬೇಡ, ಅವಧಿ ಇಲ್ಲ, ಸೋಲುವುದೂ ಕಡಿಮೆ. ಕಾರಣ, ಅದು ಅವಳ ಬುಟ್ಟಿಯದೇ ಹೂವು, ಕೊಡುವುದು ಆ ಕ್ಷಣವೇ. ಇಂಥ ಕೊಸರು ಆನ್‌ಲೈನಿಗೂ ಒಗ್ಗುತ್ತದೆ. 2024ರ ಮೇ ತಿಂಗಳಲ್ಲಿ ಮುಂಬೈನ ಗ್ರಾಹಕರೊಬ್ಬರು, ಬ್ಲಿಂಕಿಟ್‌ನಲ್ಲಿ ಕೊತ್ತಂಬರಿಗೂ ಹಣ ಕೊಡಬೇಕಾಯಿತೆಂದು ತಮ್ಮ ತಾಯಿ ಹೌಹಾರಿದ್ದನ್ನು ಎಕ್ಸ್‌ನಲ್ಲಿ ಬರೆದರು. ಗುರುಗ್ರಾಮದ ಆ ಕಂಪನಿಯ ಮುಖ್ಯಸ್ಥ ಅಲ್ಬಿಂದರ್ ಧಿಂಡ್ಸಾ, ಇಂತಿಷ್ಟು ತರಕಾರಿ ಕೊಂಡವರಿಗೆ ಕೊತ್ತಂಬರಿ ಉಚಿತ ಎಂದು ಕೂಡಲೇ ಪ್ರಕಟಿಸಿದರು. ಪಾಯಿಂಟು, ಶ್ರೇಣಿ, ಬೆಳ್ಳಿ-ಚಿನ್ನದ ಸದಸ್ಯತ್ವ ಏನೂ ಇಲ್ಲದೆ ಊರೆಲ್ಲ ಸುದ್ದಿಯಾಯಿತು.

ಯೋಜನೆಯೇ ಇಲ್ಲದಿದ್ದರೂ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿಯೂ ಗುರುಗ್ರಾಮದಲ್ಲೇ ಇದೆ. 2006ರಲ್ಲಿ ಹಾರಾಟ ಶುರುಮಾಡಿದ ಇಂಡಿಗೊ ತನ್ನದೇ ಪಾಯಿಂಟ್ ಯೋಜನೆ ‘ಬ್ಲೂಚಿಪ್’ ಪ್ರಕಟಿಸಿದ್ದು 2024ರಲ್ಲಿ. ಅಷ್ಟರಲ್ಲಿ ದೇಶದೊಳಗಿನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದರ ವಿಮಾನವನ್ನೇ ಹತ್ತುತ್ತಿದ್ದರು. ಹೆಚ್ಚು ಊರು, ಹೆಚ್ಚು ಸಮಯ, ಕಡಿಮೆ ದರ ಅದರ ಬಲವಾಗಿತ್ತು.

ಹಾಗಾಗಿ ಹೊಸ ಅಂಗಡಿಯವರಿಗೆ ನನ್ನ ಸಲಹೆ ಚಿಕ್ಕದು. ಮೊದಲು ವಾಪಸ್ ಬಂದ ಸರಕಿನ ಹಣ ತಡವಿಲ್ಲದೆ ಮರಳಿಸಿ. ಆಮೇಲೂ ಪಾಯಿಂಟ್ ಕೊಡಬೇಕೆನಿಸಿದರೆ ನಿಮ್ಮ ಲಾಭದಿಂದಲೇ ಕೊಡಿ, ರೂಪಾಯಿಯಲ್ಲೇ ತೋರಿಸಿ, ಎರಡನೆಯ ಖರೀದಿಗೇ ಬಳಸಲು ಬಿಡಿ. ಐದು ಸಾವಿರ ಪಾಯಿಂಟ್ ಆದಮೇಲೆ ಬನ್ನಿ ಎನ್ನುವ ಅಂಗಡಿಗೆ ಯಾರೂ ಮರಳಿ ಬರುವುದಿಲ್ಲ.

ದೊಡ್ಡ ಕಂಪನಿಗಳಿಗೆ ಸಲಹೆ ಸಾಲದು. ದೆಹಲಿಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ವಂಚನೆಯ 13 ಬಗೆಗಳನ್ನು ಪಟ್ಟಿ ಮಾಡಿದೆ. ಸುಳ್ಳು ಅವಸರ ಹುಟ್ಟಿಸುವುದು, ಸದಸ್ಯತ್ವ ಬಿಡಲಾಗದಂತೆ ಸಿಕ್ಕಿಸುವುದು ಅದರಲ್ಲಿವೆ. ಪಾಯಿಂಟ್‌ನ ನಿಜ ಬೆಲೆ ಮುಚ್ಚಿಡುವುದು, ಮುನ್ಸೂಚನೆ ಇಲ್ಲದೆ ಅದನ್ನು ಅಳಿಸಿಹಾಕುವುದು ಹದಿನಾಲ್ಕನೆಯದಾಗಿ ಆ ಪಟ್ಟಿಗೆ ಸೇರಬೇಕು.