ಮಾಡದ ಸಾಲಕ್ಕೆ ಅಂಜುವುದೇಕೆ?

ಸಾಲವೇ ಶೂಲವೆಂದು ನಂಬಿ ಬೆಳೆದವರು ನಾವು. ಊರು ಬಿಟ್ಟು ಮುಂಬಯಿಗೆ ಬಂದು, ಖಾಡಿ ದಾಟಿ ಸಾನಪಾಡಾದಲ್ಲಿ ಮನೆ ಮಾಡಿಕೊಂಡ ಮೇಲೂ ತಿಂಗಳ ಕಂತು ಒಂದು ದಿನ ತಡವಾದರೆ ನಮಗೆ ನಿದ್ದೆ ಬಾರದು. ಈ ಸದ್ಗುಣವನ್ನೇ ಈಗ ಕಳ್ಳರು ಬಂಡವಾಳ ಮಾಡಿಕೊಂಡಿದ್ದಾರೆ.

ಫೋನು ಬರುತ್ತದೆ. "ನಿಮ್ಮ ಹೆಸರಿನಲ್ಲಿ ಸಾಲ ಬಾಕಿಯಿದೆ; ಸಂಜೆಯೊಳಗೆ ಕಟ್ಟದಿದ್ದರೆ ಪೊಲೀಸರು ಬರುತ್ತಾರೆ, ಆಫೀಸಿಗೂ ತಿಳಿಸುತ್ತೇವೆ" ಎಂಬ ಗದರಿಕೆ. ಕುಂಬಳಕಾಯಿ ಕಳ್ಳನೆಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮಲ್ಲಿ ಕುಂಬಳಕಾಯಿಯನ್ನೇ ಕಾಣದವರೂ ಹೆಗಲು ಮುಟ್ಟಿಕೊಳ್ಳುತ್ತಿದ್ದಾರೆ! "ಕೊಟ್ಟು ಕೈತೊಳೆದುಕೊಳ್ಳಿ, ನಾಲ್ಕು ಜನರಿಗೆ ತಿಳಿಯುವುದು ಬೇಡ" ಎಂದು ಬುದ್ಧಿ ಹೇಳುವ ಹಿತೈಷಿಗಳೂ ಇದ್ದಾರೆ. ಈ ಮಾತನ್ನು ನಾವು ಖಂಡಿಸುತ್ತೇವೆ. ಒಮ್ಮೆ ಕೊಟ್ಟರೆ ಪೀಡೆ ತೊಲಗುವುದಿಲ್ಲ. ಹೆದರುವ ಮನೆ ಯಾವುದೆಂದು ಅವರಿಗೆ ಗೊತ್ತಾಗುತ್ತದೆ, ಅಷ್ಟೆ.

ಇದು ಓದುಬರಹ ತಿಳಿಯದವರ ಪಾಡೆಂದು ಮೂಗು ಮುರಿಯುವವರಿಗೆ ನಮ್ಮ ಥಾಣೆ ಜಿಲ್ಲೆಯೇ ಉತ್ತರ ಹೇಳಿದೆ. 2016ರ ಅಕ್ಟೋಬರಿನಲ್ಲಿ ಥಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದಾಗ ಹೊರಬಿದ್ದದ್ದೇನು? ಅಲ್ಲಿ ಕುಳಿತವರು ತಾವು ಅಮೆರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು, ಇಲ್ಲದ ತೆರಿಗೆ ಬಾಕಿಗಾಗಿ ಅಮೆರಿಕನ್ನರನ್ನು ಬೆದರಿಸಿ ಹಣ ಕೀಳುತ್ತಿದ್ದರು. ಬಂಧನದ ಭಯ ಹುಟ್ಟಿದರೆ ಯಾವ ದೇಶದವರ ಬುದ್ಧಿಯೂ ಮಂಕಾಗುತ್ತದೆ.

ತಪ್ಪು ಕಳ್ಳರದು ಮಾತ್ರವೆ? ನಿಜವಾದ ವಸೂಲಿಗಾರರಲ್ಲೂ ಗದರಿಸುವವರು ಇರುವುದರಿಂದಲ್ಲವೆ ನಕಲಿಯವನ ಗದರಿಕೆಯೂ ಅಸಲಿಯಂತೆ ಕೇಳಿಸುವುದು? ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಬಳಿಕ ವಸೂಲಿಗೆ ಫೋನು ಮಾಡಕೂಡದು, ಬೆದರಿಸಕೂಡದು, ಬಂಧುಮಿತ್ರರನ್ನು ಕಾಡಕೂಡದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಸುತ್ತೋಲೆಯು ಕಡತದಲ್ಲೇ ಮಲಗಿದರೆ ಏನಾಗುವುದೆಂದು ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಬೇರೆ ಹೇಳಬೇಕಾಗಿಲ್ಲ. ಬ್ಯಾಂಕುಗಳು ಅದನ್ನು ಗ್ರಾಹಕರಿಗೆ ಅವರವರ ಭಾಷೆಯಲ್ಲಿ ತಿಳಿಸಲಿ, ತಮ್ಮ ವಸೂಲಿಗಾರರ ನಾಲಿಗೆಗೂ ಕಡಿವಾಣ ಹಾಕಲಿ.

ಅಲ್ಲಿಯವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಅಂಥ ಫೋನು ಬಂದಾಗ ವಾದ ಬೇಡ. ಯಾವ ಬ್ಯಾಂಕು, ಯಾವ ಖಾತೆ, ಸಾಲದ ಕಾಗದವೆಲ್ಲಿ ಎಂದಷ್ಟೇ ಕೇಳಿ ಇಟ್ಟುಬಿಡಿ. ಆಧಾರ್ ಸಂಖ್ಯೆ, ಒಟಿಪಿ ಹೇಳಲೇಬೇಡಿ. ಅವರು ಕೊಟ್ಟ ನಂಬರಿಗೆ ಫೋನು ಮಾಡದೆ, ಆ ಬ್ಯಾಂಕಿನ ಶಾಖೆಗೆ ನೀವೇ ಹೋಗಿ ವಿಚಾರಿಸಿ. ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳು ನಮ್ಮ ಸಾಲದ ವಿವರವನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ತರಿಸಿ ನೋಡಿದರೆ ನಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದ್ದಾರೆಯೇ ಎಂಬುದೂ ತಿಳಿಯುತ್ತದೆ. ಬರಿಯ ಸಾಲದ ಬಾಕಿ ಸಿವಿಲ್ ವ್ಯವಹಾರ. ಅದೊಂದಕ್ಕಾಗಿ ಯಾರನ್ನೂ ಫೋನಿನಲ್ಲಿ "ಅರೆಸ್ಟ್" ಮಾಡಲು ಬರುವುದಿಲ್ಲ. ಹಣ ಕೈಬಿಟ್ಟಿದ್ದರೆ ನಾಳೆ ಎನ್ನದೆ ತಕ್ಷಣ 1930ಕ್ಕೆ ಫೋನು ಮಾಡಿ. ದೂರು ಬೇಗನೆ ಹೋದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮೋಸಹೋದವರನ್ನು ಕಂಡು ನಗುವ ಚಾಳಿಯನ್ನು ನಮ್ಮವರು ಬಿಡಬೇಕು. ನಾವು ನಗುತ್ತೇವೆಂದೇ ಅವರು ಬಾಯಿಬಿಡುವುದಿಲ್ಲ. ಅವರು ಬಾಯಿಬಿಡದ್ದರಿಂದಲೇ ಕಳ್ಳನು ಪಕ್ಕದ ಮನೆಗೂ ಫೋನು ಮಾಡುತ್ತಾನೆ. ಹಬ್ಬ, ನಾಟಕಗಳಿಗೆ ಒಟ್ಟುಗೂಡುವ ನಾವು ಸಂಘದ ಮುಂದಿನ ಕೂಟದಲ್ಲಿ ಅರ್ಧ ಗಂಟೆಯನ್ನು ಇದಕ್ಕಾಗಿ ಇಡೋಣ. ಮನೆಯ ಹಿರಿಯರೂ ಗೃಹಿಣಿಯರೂ ಬಂದು ಕೇಳಲಿ, ತಮಗಾದದ್ದನ್ನು ಅಂಜದೆ ಹೇಳಲಿ. ಮಾನ ಹೋಗಬೇಕಾದದ್ದು ಕಳ್ಳನದು, ನಮ್ಮದಲ್ಲ.