ಜಗಲಿಗೆ ಬಂದ ವಿಶ್ವವಿದ್ಯಾಲಯ

ಊರೆಂದೊಡನೆ ಬಯಲುಸೀಮೆಯ ವಾಚಕರ ಕಣ್ಣಮುಂದೆ ಬೀದಿ, ಸಾಲುಮನೆ, ಅಗಸೆಬಾಗಿಲು ಬಂದು ನಿಲ್ಲುವವು. ಯಲ್ಲಾಪುರ ತಾಲೂಕಿನ ನಂದೊಳ್ಳಿಯಲ್ಲಾಗಲಿ, ಸಿರ್ಸಿ ಸಿದ್ದಾಪುರಗಳ ಇಂಥವೇ ಅನೇಕ ಊರುಗಳಲ್ಲಾಗಲಿ ಅವು ಕಾಣಸಿಗವು. ಗುಡ್ಡಗಳ ನಡುವಿನ ಕಣಿವೆಯಲ್ಲಿ ಒಂದು ಅಡಿಕೆಯ ತೋಟ, ತೋಟದ ತಲೆಯಲ್ಲಿ ಒಂದು ಮನೆ, ಮನೆಯ ಹಿಂದೆ ಸೊಪ್ಪಿನಬೆಟ್ಟ. ಆ ಬೆಟ್ಟವನ್ನು ದಾಟಿದರೆ ಮತ್ತೊಂದು ತೋಟ, ಮತ್ತೊಂದು ಮನೆ. ನೀರು ಇಳಿದುಬಂದ ಕಡೆಗೆ ಮನುಷ್ಯನೂ ಇಳಿದುಬಂದು ನೆಲೆನಿಂತನು. ಅಡಿಕೆಗೆ ತಗ್ಗೂ ತಂಪೂ ಹಿತ. ಆದರೆ ಈಗಿನ ಕಾಲದ ವಿದ್ಯೆಗೆ ಎತ್ತರ ಬೇಕಾಗಿದೆ. ಮೊಬೈಲಿನ ಅಲೆಗಳು ಬಹುಮಟ್ಟಿಗೆ ನೇರವಾಗಿಯೇ ಸಾಗುವವು. ಗುಡ್ಡವು ಅಡ್ಡವಾದರೆ ಬಿಸಿಲಿಗೆ ನೆರಳು ಬೀಳುವಂತೆ ಅವಕ್ಕೂ ನೆರಳು ಬೀಳುವದು. ದಟ್ಟವಾದ ಮರಗಳು, ಅದರಲ್ಲಿಯೂ ಮಳೆಗಾಲದಲ್ಲಿ ತೊಯ್ದ ಎಲೆಗಳು, ಉಳಿದುದನ್ನು ಹೀರಿಕೊಳ್ಳುವವು. ಅಜ್ಜನು ಮನೆಗೆಂದು ಆರಿಸಿದ ಜಾಗವೇ ಮೊಮ್ಮಗಳ ಓದಿಗೆ ತೊಡಕಾದುದು ಹೀಗೆ.

ಪದವಿಯ ತರಗತಿಗಳಲ್ಲಿ ಓದುವ ಮಕ್ಕಳಿಗೆ ಗಣಕಯಂತ್ರವೂ ಅಂತರಜಾಲವೂ ಎಷ್ಟರ ಮಟ್ಟಿಗೆ ದೊರೆಯುತ್ತಿವೆ, ದೊರೆತುದನ್ನು ಅವರು ಹೇಗೆ ಬಳಸುತ್ತಿದ್ದಾರೆ ಎಂಬದನ್ನು ಈ ತಿಂಗಳು ವಿಚಾರಿಸಬೇಕೆಂದಿದ್ದೇವೆ. ಇದು ಕಾಲೇಜಿನವರ ಚಿಂತೆ, ಮನೆಯವರಿಗೇನು ಎಂದು ಕೆಲವರು ಕೇಳಬಹುದು. ಇಪ್ಪತ್ತು ವರ್ಷಗಳ ಕೆಳಗೆ ಆ ಮಾತು ಸಲ್ಲುತ್ತಿತ್ತು. ಈಗ ಸಲ್ಲದು; ಏಕೆಂದರೆ ವಿಶ್ವವಿದ್ಯಾಲಯವು ತನ್ನ ಕಚೇರಿಯ ಕಿಟಕಿಯನ್ನು, ನಮ್ಮಲ್ಲಿ ಯಾರನ್ನೂ ಕೇಳದೆ, ನಮ್ಮ ಜಗಲಿಗೆ ತಂದಿಟ್ಟಿದೆ.

ಈ ಮಾತನ್ನು ಬಿಡಿಸಿ ಹೇಳುವೆವು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ನಮ್ಮ ಜಿಲ್ಲೆಯ ಮಕ್ಕಳು ತಲೆಮಾರುಗಳಿಂದ ಓದುತ್ತ ಬಂದಿದ್ದಾರೆ. ಹಿಂದೆ ಪ್ರವೇಶದ ಅರ್ಜಿ, ಪರೀಕ್ಷೆಯ ಅರ್ಜಿ, ಶುಲ್ಕದ ಪಾವತಿ ಎಲ್ಲವೂ ಕಾಗದವೇ. ವಿದ್ಯಾರ್ಥಿಯು ಗುಮಾಸ್ತರ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದನು. ತಪ್ಪು ಬರೆದಿದ್ದರೆ ಅವರು ಗದರಿಸಿ ಅಲ್ಲಿಯೇ ತಿದ್ದಿಸುತ್ತಿದ್ದರು. 2021-22ನೆಯ ಸಾಲಿನಿಂದ ರಾಜ್ಯ ಸರಕಾರವು ವಿಶ್ವವಿದ್ಯಾಲಯಗಳಿಗೂ ಅವುಗಳ ಕಾಲೇಜುಗಳಿಗೂ ಒಂದೇ ಗಣಕವ್ಯವಸ್ಥೆಯನ್ನು ತಂದಿತು, ಯು.ಯು.ಸಿ.ಎಂ.ಎಸ್. ಎಂಬ ಐದಕ್ಷರಗಳಿಂದ ಪದವಿ ವಿದ್ಯಾರ್ಥಿಗಳೆಲ್ಲರೂ ಅದನ್ನು ಬಲ್ಲರು. ಹೆಸರಿನ ನೋಂದಣಿ, ಪರೀಕ್ಷೆಯ ಅರ್ಜಿ, ಶುಲ್ಕ, ಫಲಿತಾಂಶ ಎಲ್ಲವೂ ಅಲ್ಲಿಯೇ. ವಿದ್ಯಾರ್ಥಿವೇತನಕ್ಕೆ ಸರಕಾರದ ಇನ್ನೊಂದು ಜಾಲತಾಣವುಂಟು. ವ್ಯವಸ್ಥೆಯು ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಒಂದು ಅಂಕಪಟ್ಟಿಗಾಗಿ ಧಾರವಾಡದ ಬಸ್ಸು ಹತ್ತಿ ಎರಡು ದಿನ ಕಳೆಯುವದನ್ನು ಮತ್ತೆ ಬಯಸುವವರು ಯಾರು?

ಆದರೆ ಕಿಟಕಿಯು ಜಗಲಿಗೆ ಬಂದ ಮೇಲೆ ಅದನ್ನು ತೆರೆದಿಡುವ ಖರ್ಚೂ ಹೊಣೆಯೂ ಮನೆಯವರ ಪಾಲಿಗೆ ಬಂದವು. ಒಂದು ಸಣ್ಣ ಸಂಗತಿಯನ್ನು ನೋಡಿರಿ. ಅರ್ಜಿಯನ್ನು ತುಂಬುವಾಗ ಓಟಿಪಿ ಎಂಬ ಗುಪ್ತಸಂಖ್ಯೆಯು ನೋಂದಾಯಿಸಿದ ಮೊಬೈಲಿಗೆ ಬರುವದು. ಅದರ ಆಯುಸ್ಸು ಕೆಲವೇ ನಿಮಿಷ. ಅನೇಕ ಮನೆಗಳಲ್ಲಿ ನೋಂದಾಯಿಸಿದ್ದು ತಂದೆಯ ಮೊಬೈಲು. ಮಗಳು ಯಲ್ಲಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿಯನ್ನು ತೆರೆದು ಕುಳಿತಿರುವಳು. ತಂದೆಯು ಕಣಿವೆಯ ತೋಟದಲ್ಲಿ ಕೊನೆಕೊಯ್ಲಿನ ಗಡಿಬಿಡಿಯಲ್ಲಿರುವನು. ಸಂಖ್ಯೆಯೂ ಆತನಿಗೆ ಮುಟ್ಟದು, ಮಗಳ ಕರೆಯೂ ಮುಟ್ಟದು. ಸಂಜೆ ಬಸ್ಸಿಳಿದು ಬಂದವಳಿಗೆ, “ನೆಟ್‌ವರ್ಕು ಬತ್ತಿಲ್ಲೆ ತಂಗೀ, ಎಂತ ಮಾಡದು?” ಎಂಬ ಸಮಾಧಾನ ಮಾತ್ರ. ಮರುದಿನ ಮತ್ತೆ ಬಸ್ಸು, ಮತ್ತೆ ಅಂಗಡಿಯವನ ಕೂಲಿ. ಕೊನೆಯ ದಿನ ದಾಟಿದ್ದರೆ ದಂಡ ಬೇರೆ. ಈ ತಾಪತ್ರಯದ ಲೆಕ್ಕವು ಯಾವ ಕಚೇರಿಯ ಪುಸ್ತಕದಲ್ಲಿಯೂ ಬರುವದಿಲ್ಲ.

ನಮ್ಮ ದೇಶದ ಸಾಮಾನ್ಯ ಜನರಿಗೆ ಅಂತರಜಾಲವು ದೊರೆತದ್ದು 1995ರ ಆಗಸ್ಟ್ 15ರಂದು. ಅದಾದ ಇಪ್ಪತ್ತೈದನೆಯ ವರ್ಷದಲ್ಲಿ, 2020ರ ಮಾರ್ಚ್ ತಿಂಗಳಲ್ಲಿ, ಕೊರೋನಾ ರೋಗದ ನಿಮಿತ್ತ ಕಾಲೇಜುಗಳೆಲ್ಲ ಮುಚ್ಚಿದವು. ವಸತಿಗೃಹಗಳಲ್ಲಿದ್ದ ಮಕ್ಕಳು ತೋಟದ ಮನೆಗಳಿಗೆ ಮರಳಿದರು. ಪಾಠವು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಹೊರಟು ಬಂದು ಗುಡ್ಡದ ನೆತ್ತಿಯಲ್ಲಿ ನಿಂತುಬಿಡುತ್ತಿತ್ತು. ಸಿರ್ಸಿ ತಾಲೂಕಿನ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯು ಮರವನ್ನೇರಿ ಕುಳಿತು ಪಾಠ ಕೇಳಿದ ಸಂಗತಿಯು ಆ ವರ್ಷ ಪತ್ರಿಕೆಗಳಲ್ಲಿ ಬಂದಿತ್ತು. ಓದಿದವರು ಮೆಚ್ಚಿದರು. ನಮಗೆ ಮೆಚ್ಚುಗೆಗಿಂತ ಸಂಕೋಚವೇ ಹೆಚ್ಚಾಯಿತು. ಮರ ಹತ್ತಬಲ್ಲವನಿಗೆ ಪಾಠ, ಹತ್ತಲಾರದವಳಿಗೆ ಗೈರುಹಾಜರಿ ಎಂಬದು ಯಾವ ವಿಶ್ವವಿದ್ಯಾಲಯದ ನಿಯಮ?

ಅದಕ್ಕೆ ತುಸು ಮೊದಲು, 2017-18ರಲ್ಲಿ, ಕೇಂದ್ರ ಸರಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೇಶದ ಮನೆಗಳನ್ನು ವಿಚಾರಿಸಿದ್ದರು. ಪಟ್ಟಣಗಳಲ್ಲಿ ನೂರಕ್ಕೆ 42 ಮನೆಗಳಿಗೆ ಅಂತರಜಾಲದ ಅನುಕೂಲತೆಯಿತ್ತು, ಹಳ್ಳಿಗಳಲ್ಲಿ 14.9ಕ್ಕೆ ಮಾತ್ರ. ಗಣಕಯಂತ್ರವು ಪಟ್ಟಣದಲ್ಲಿ ನೂರಕ್ಕೆ 23.4 ಮನೆಗಳಲ್ಲಿಯೂ ಹಳ್ಳಿಯಲ್ಲಿ 4.4 ಮನೆಗಳಲ್ಲಿಯೂ ಇದ್ದಿತು. ಅಂದಿನಿಂದ ಅಂತರಜಾಲವು ಎಷ್ಟೋ ಹಬ್ಬಿದೆ. ಅಲೆ ಮುಟ್ಟದ 24,680 ಹಳ್ಳಿಗಳಿಗೆ ಅದನ್ನು ಮುಟ್ಟಿಸುವ ಯೋಜನೆಗೆ ಕೇಂದ್ರ ಮಂತ್ರಿಮಂಡಲವು 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಇಂದಲ್ಲ ನಾಳೆ ಕಣಿವೆಗೂ ಅಲೆ ಇಳಿಯುವದು. ನಮ್ಮ ಚಿಂತೆ ಆ ಎರಡನೆಯ ಅಂಕಿಯದು. ಮನೆಗೆ ಮೊಬೈಲು ಬಂದಷ್ಟು ಸುಲಭವಾಗಿ ಗಣಕಯಂತ್ರವು ಬರಲಿಲ್ಲ.

“ಮೊಬೈಲಿನಲ್ಲಿಯೇ ಎಲ್ಲ ಇರುವದಲ್ಲ, ಮತ್ತೆ ಇನ್ನೊಂದೇಕೆ?” ಎಂದು ಕೇಳುವ ಗೃಹಸ್ಥರು ಬಹಳ. ಪ್ರಶ್ನೆ ಸಹಜವಾದದ್ದು, ಉತ್ತರವನ್ನು ಸಾವಧಾನವಾಗಿ ಕೊಡಬೇಕು. ಮೊಬೈಲು ಕೇಳುವದಕ್ಕೆ ಒಳ್ಳೆಯದು, ನೋಡುವದಕ್ಕೆ ಒಳ್ಳೆಯದು, ಬಸ್ಸಿನಲ್ಲಿ ಕುಳಿತು ನಾಲ್ಕು ಪುಟ ಓದುವದಕ್ಕೂ ಆಗಬಹುದು. ದೀರ್ಘವಾಗಿ ಬರೆಯುವದಕ್ಕೆ ಅದು ಒದಗದು. ಬಿ.ಕಾಂ. ವಿದ್ಯಾರ್ಥಿಯು ಹನ್ನೆರಡು ಅಂಕಣಗಳ ಲೆಕ್ಕದ ಕೋಷ್ಟಕವನ್ನು ಅಂಗೈಯಗಲದ ಪರದೆಯಲ್ಲಿ ಹೇಗೆ ನೋಡಬೇಕು? ಇಪ್ಪತ್ತು ಪುಟಗಳ ಪ್ರಬಂಧವನ್ನು ಹೆಬ್ಬೆರಳಿನಿಂದ ಬರೆಯುವವನು ಮೂರನೆಯ ಪುಟದಲ್ಲಿ ಹೇಳಿದುದನ್ನು ಹದಿನೇಳನೆಯ ಪುಟಕ್ಕೆ ಬರುವಷ್ಟರಲ್ಲಿ ಮರೆತಿರುವನು. ಹಿಂದಿರುಗಿ ತಿದ್ದುವ ಶ್ರಮಕ್ಕೆ ಅಂಜಿ ಬೇರೆಯವರು ಬರೆದುದನ್ನು ಎತ್ತಿ ಅಂಟಿಸುವನು. ಮಕ್ಕಳು ಸೋಮಾರಿಗಳೆಂದು ಅಧ್ಯಾಪಕರು ಬೇಸರಪಡುವರು. ಅದು ಅರ್ಧ ನಿಜ; ಉಳಿದರ್ಧ ಸಾಧನದ ದೋಷ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. ಆ ಬಳಿಕ ಕೇಳಿದ ವಿಷಯದ ಮೇಲೆ ಪ್ರಬಂಧವನ್ನೇ ಕಟ್ಟಿಕೊಡುವ ಯಂತ್ರಗಳು ಮೊಬೈಲಿನಲ್ಲಿಯೇ ಸಿಕ್ಕುತ್ತಿವೆ. ಬರೆಯಲು ಅನುಕೂಲವಿಲ್ಲದ ಸಾಧನದೊಳಗೆ ಬರೆದುಕೊಡುವ ಯಂತ್ರವು ಬಂದು ಕುಳಿತರೆ ಎಳೆಯ ಮನಸ್ಸು ಯಾವ ಕಡೆಗೆ ವಾಲುವದೆಂದು ಬೇರೆ ಹೇಳಬೇಕೆ? ಮೂರು ವರ್ಷ ಓದಿ ಪದವೀಧರನಾದವನು ತನ್ನ ಅಭಿಪ್ರಾಯವನ್ನು ಎರಡು ಪುಟಗಳಲ್ಲಿ ತಾನೇ ಬರೆಯಲಾರದೆ ಹೋದರೆ ಆ ಪದವಿಗಾಗಿ ಮಾರಿದ ಅಡಿಕೆಯು ವ್ಯರ್ಥ.

ಸರಕಾರವು ಕೈಕಟ್ಟಿ ಕುಳಿತಿರಲಿಲ್ಲ. ಕೆಲವು ವರ್ಷ ಲ್ಯಾಪ್‌ಟಾಪುಗಳನ್ನು ಹಂಚಿತು. 2021ರಲ್ಲಿ ಸರಕಾರೀ ಪ್ರಥಮ ದರ್ಜೆ ಕಾಲೇಜು ಮೊದಲಾದವುಗಳ ಸುಮಾರು 1.5 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಕೊಡಹೊರಟಿತು. ಟ್ಯಾಬ್ಲೆಟ್ಟು ದೊಡ್ಡ ಮೊಬೈಲೇ ಸರಿ. ಬೇರೊಂದು ಕೀಲಿಮಣೆಯನ್ನು ಜೋಡಿಸಿದ ಹೊರತು ಅದರಲ್ಲಿಯೂ ಬರೆಹ ಸಾಗದು.

ಕನ್ನಡದಲ್ಲಿ ಬರೆಯುವ ಮಕ್ಕಳ ಸ್ಥಿತಿಯು ಇನ್ನೂ ವಿಚಿತ್ರವಾಗಿದೆ. ಕನ್ನಡವನ್ನು ಗಣಕಯಂತ್ರಕ್ಕೆ ಒಗ್ಗಿಸಲು ದುಡಿದವರು ಕಡಮೆಯಲ್ಲ. ಕೆ. ಪಿ. ರಾಯರು ಕೀಲಿಮಣೆಯ ಸುಲಭವಾದ ವಿನ್ಯಾಸವನ್ನು ಕೊಟ್ಟರು; 1998ರಲ್ಲಿ ‘ಬರಹ’ ಬಂದಿತು; ಕನ್ನಡ ಗಣಕ ಪರಿಷತ್ತಿನವರ ‘ನುಡಿ’ ಬಂದಿತು. ಜಗತ್ತಿನ ಲಿಪಿಗಳನ್ನೆಲ್ಲ ಒಂದೆಡೆಗೆ ತರುವ ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವುಂಟು. ಹದಿನೈದು ದಿನ ಕುಳಿತರೆ ಕೈಗೆ ಹತ್ತುವ ವಿದ್ಯೆಯಿದು. ಹೀಗಿದ್ದರೂ ಕನ್ನಡದ ಎಂ.ಎ. ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ತಮ್ಮ ಕೈಬರೆಹವನ್ನು ಡಿ.ಟಿ.ಪಿ. ಅಂಗಡಿಗೆ ಒಯ್ದು ಪುಟಕ್ಕೆ ಇಷ್ಟೆಂದು ತೆತ್ತು ಬರುವರು. ಗೆಳೆಯರಿಗೆ ಬರೆಯುವಾಗ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವರು. ಅಭ್ಯಾಸಕ್ಕೆಂದು ಕೀಲಿಮಣೆಯು ಮನೆಯಲ್ಲಿದ್ದರಲ್ಲವೆ ಕಲಿಯುವದು!

ಒಮ್ಮೆ ಸಾಧನವು ಕೈಗೆ ಬಂದರೆ ಮುಂದಿರುವ ಭಂಡಾರವು ಸಣ್ಣದಲ್ಲ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳು, 2017ರ ‘ಸ್ವಯಂ’, ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳಿರುವ ‘ಶೋಧಗಂಗಾ’ ಇವೆಲ್ಲ ಹಣವಿಲ್ಲದೆ ಓದಸಿಕ್ಕುವವು. 2025ರ ಜನವರಿ 1ರಿಂದ ಕೇಂದ್ರ ಸರಕಾರವು 30 ಪ್ರಕಾಶಕರ ಸುಮಾರು 13,000 ವಿದ್ವತ್ಪತ್ರಿಕೆಗಳನ್ನು ಸರಕಾರೀ ಉಚ್ಚ ಶಿಕ್ಷಣಸಂಸ್ಥೆಗಳಿಗೆಲ್ಲ ತೆರೆಯಿಸಿದೆ. ನಿಮ್ಮ ಮಗನು ಓದುವ ಕಾಲೇಜಿಗೆ ಅದು ಬಂದಿದೆಯೆ ಎಂದು ಅಲ್ಲಿಯ ಗ್ರಂಥಪಾಲರನ್ನು ಕೇಳಿರಿ. ಕೇಳುವವರಿಲ್ಲದೆ ಮುಚ್ಚಿರುವ ಬಾಗಿಲುಗಳು ಬಹಳ.

ಈಗ ಮನೆಯೊಳಗಿನ ಒಂದು ಮಾತು. ಕೆಲವರಿಗೆ ಕಟುವಾಗಿ ತೋರಬಹುದು. “ಮಾಣಿಗೆ ಲ್ಯಾಪ್‌ಟಾಪು ಬೇಕು, ಕೂಸಿಗೆ ಮೊಬೈಲು ಸಾಕು” ಎಂಬ ಮಾತು ನಮ್ಮ ಕಡೆಯ ಮನೆಗಳಲ್ಲಿ ಕೇಳಿಬರುವದುಂಟು. ಮಗನು ಬೆಂಗಳೂರಿನಲ್ಲಿ ನೌಕರಿಗೆ ಹೋಗುವವನು, ಮಗಳು ಇನ್ನೊಬ್ಬರ ಮನೆಗೆ ಹೋಗುವವಳು ಎಂಬ ಹಳೆಯ ಲೆಕ್ಕವೇ ಇದರ ಬುಡದಲ್ಲಿರುವದು. ಕೇರಳದ ಕೋಳಿಕೋಡು ಜಿಲ್ಲೆಯಲ್ಲಿ ಒಬ್ಬ ಪದವಿ ವಿದ್ಯಾರ್ಥಿನಿಯು ಸಂಜೆ 6ರಿಂದ ರಾತ್ರಿ 10ರ ವರೆಗೆ ಮೊಬೈಲನ್ನು ಒಪ್ಪಿಸಲಾರೆನೆಂದುದಕ್ಕೆ ವಸತಿಗೃಹದಿಂದ ಹೊರಗಾದಳು, ನ್ಯಾಯಾಲಯಕ್ಕೆ ಹೋದಳು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವಿ. ಆಶಾ ಅವರು ಅವಳನ್ನು ಮತ್ತೆ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿದರು. ಅಂತರಜಾಲವನ್ನು ಬಳಸುವ ಹಕ್ಕು ವಿದ್ಯೆಯ ಹಕ್ಕಿನಲ್ಲಿಯೇ ಅಡಗಿರುವದೆಂದು ತೀರ್ಪಿತ್ತರು. ವಸತಿಗೃಹದವರಿಗೆ ಅನ್ವಯಿಸಿದ ಈ ನ್ಯಾಯವನ್ನು ಮನೆಯ ಯಜಮಾನರೂ ಒಮ್ಮೆ ಮನಸ್ಸಿನಲ್ಲಿ ತೂಗಿ ನೋಡಬೇಕು.

ಹಿರಿಯರ ಅಂಜಿಕೆಯೂ ನಿರಾಧಾರವಲ್ಲ. ಹಣವೊಡ್ಡಿ ಆಡುವ ಜಾಲದ ಆಟಗಳು ಎಷ್ಟೋ ಯುವಕರನ್ನು ಸಾಲಕ್ಕೆ ನೂಕಿದ್ದರಿಂದಲೇ 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸಬೇಕಾಯಿತು. ಆದರೆ ಈ ಕೇಡು ಬಂದದ್ದು ಹೆಚ್ಚಾಗಿ ಮೊಬೈಲಿನ ದಾರಿಯಿಂದ. ಮೇಜಿನ ಮೇಲಿನ ಗಣಕಯಂತ್ರಕ್ಕೆ ಹೆದರಿ ಕಿಸೆಯೊಳಗಿನ ಮೊಬೈಲಿಗೆ ಹೆದರದಿರುವದು ನಮಗೆ ಅರ್ಥವಾಗದು.

ಹಿಂದಿನ ಕಾಲದಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಊಟಕ್ಕಿಟ್ಟವರಲ್ಲಿ ಸಿರಿವಂತರು ಕಡಮೆ. ನಂದೊಳ್ಳಿಯಂಥ ಊರುಗಳಲ್ಲಿ ಈಗ ಹಾಗೆ ಕೊಡಬಹುದಾದದ್ದು ಒಂದು ಮೇಜು, ಒಂದು ದೀಪ, ಒಂದು ಸಂಪರ್ಕ. ರಸ್ತೆಯ ಬದಿಯಲ್ಲಿಯೋ ದಿಬ್ಬದ ಮೇಲೆಯೋ ಇರುವ, ಕೇಬಲ್ಲಿನ ಸಂಪರ್ಕ ಪಡೆದ ಮನೆಯವರು ಕಣಿವೆಯ ಮನೆಗಳ ಮಕ್ಕಳಿಗೆ ಸಂಜೆ ಎರಡು ತಾಸು ಜಗಲಿಯನ್ನು ಬಿಟ್ಟುಕೊಟ್ಟರೆ ಅವರಿಗೆ ಹೆಚ್ಚಿನ ಖರ್ಚೇನೂ ಬಾರದು. ಕಾಡಿನಂಚಿನ ಸಿದ್ದಿ, ಗೌಳಿ ಮನೆಗಳಿಂದ ಮೊದಲ ಬಾರಿಗೆ ಕಾಲೇಜು ಕಂಡ ಮಕ್ಕಳಿಗೂ ಆ ಜಗಲಿಯಲ್ಲಿ ಮಣೆಯಿರಲಿ. ಹಿಂದಿನ ವಾರಾನ್ನವು ಜಾತಿಯನ್ನು ನೋಡಿ ಬಡಿಸುತ್ತಿತ್ತು. ಅದನ್ನಾದರೂ ಈಗ ಬಿಡೋಣ.

ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಅವುಗಳಲ್ಲಿ ಅನೇಕಕ್ಕೆ ಗಣಕಯಂತ್ರಗಳು ಬಂದಿವೆ. ಈಗ ಅವುಗಳಿಗೆ ‘ಅರಿವು ಕೇಂದ್ರ’ವೆಂದು ಹೆಸರು. ನಿಮ್ಮ ಊರಿನ ಕೇಂದ್ರದ ಬಾಗಿಲು ತೆರೆದಿರುವ ವೇಳೆಗೂ ಕಾಲೇಜಿನ ಮಕ್ಕಳ ಬಸ್ಸು ಊರು ಮುಟ್ಟುವ ವೇಳೆಗೂ ಹೊಂದಿಕೆಯುಂಟೆ ಎಂಬದನ್ನು ನೋಡಿ, ಇಲ್ಲವಾದರೆ ಗ್ರಾಮಸಭೆಯಲ್ಲಿ ಕೇಳಿರಿ. ಕಾಲೇಜಿನವರಲ್ಲಿಯೂ ಎರಡು ಬಿನ್ನಹಗಳಿವೆ. ಗಣಕಯಂತ್ರದ ಕೋಣೆಯನ್ನು ಪಾಠ ಮುಗಿದೊಡನೆ ಬೀಗ ಹಾಕದೆ ಕೊನೆಯ ಬಸ್ಸಿನ ವರೆಗೆ ತೆರೆದಿಡಲಿ. ಜೂನ್ ಜುಲೈಗಳ ಮಳೆಯಲ್ಲಿ ಅರ್ಜಿಯ ಕೊನೆಯ ದಿನ ಬಂದರೆ, ಸಂಪರ್ಕ ಕಡಿದವರ ಕಾಗದದ ಅರ್ಜಿಯನ್ನು ಕೈಯಲ್ಲಿ ಪಡೆದುಕೊಂಡು ತಾವೇ ತುಂಬಿಸಲಿ.

ಕೊಳ್ಳುವ ಅನುಕೂಲವಿದ್ದವರಿಗೆ ನಾಲ್ಕು ಮಾತು. ಸಾಧಾರಣವಾದ ಲ್ಯಾಪ್‌ಟಾಪಿನ ಬೆಲೆಯು ಒಂದು ಕ್ವಿಂಟಲ್ ಚಾಲಿ ಅಡಿಕೆಯ ಆಸುಪಾಸಿನಲ್ಲಿರುವದು. ನಮ್ಮ ಕಡೆ ಮಳೆಗಾಲದಲ್ಲಿ ವಿದ್ಯುತ್ತು ಹೇಳದೆ ಹೋಗುವದರಿಂದ ಮೇಜಿನ ಯಂತ್ರಕ್ಕಿಂತ ಬ್ಯಾಟರಿಯುಳ್ಳ ಲ್ಯಾಪ್‌ಟಾಪೇ ಮೇಲು. ಪಾಠಗಳನ್ನು ಪಟ್ಟಣದಲ್ಲಿದ್ದಾಗಲೇ ಇಳಿಸಿಕೊಂಡು ಬಂದರೆ ಮನೆಯಲ್ಲಿ ಅಲೆಯಿಲ್ಲದೆಯೂ ಓದಬಹುದು, ಬರೆಯಬಹುದು. ಅರ್ಜಿಗಳಲ್ಲಿ ವಿದ್ಯಾರ್ಥಿಯ ಸ್ವಂತ ಮೊಬೈಲಿನ ಸಂಖ್ಯೆಯನ್ನೇ ನೋಂದಾಯಿಸಿರಿ. ಆಧಾರಿಗೆ ಜೋಡಿಸಿದ ಸಂಖ್ಯೆಯನ್ನೂ ಕಾಲೇಜು ಸೇರುವ ಮೊದಲೇ ಬದಲಿಸಿಕೊಳ್ಳಿರಿ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮೋಡ ಕಪ್ಪಾದೊಡನೆ ಲ್ಯಾಪ್‌ಟಾಪಿನ ತಂತಿಯನ್ನೂ ರೌಟರಿನ ತಂತಿಯನ್ನೂ ಗೋಡೆಯಿಂದ ಕಿತ್ತಿಡಬೇಕು. ದೂರವಾಣಿಯ ತಾಮ್ರದ ತಂತಿಯಿದ್ದರೆ ಅದನ್ನೂ. ಸಿಡಿಲಿಗೆ ಸುಟ್ಟ ಯಂತ್ರವನ್ನು ಅಂಗಡಿಯವರು ವಾರಂಟಿಯ ಮೇಲೆ ತಿರುಗಿ ಪಡೆಯುವದು ಅಪರೂಪ.