ಭೂಮಿಯ ಬಿಸಿಗೆ ಪಠ್ಯದಲ್ಲಿ ಒಂದೇ ಸಾಲು

ಯುಜಿಸಿ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯವೆಂದು ರೂಪಿಸಿದ ಪರಿಸರ ಅಧ್ಯಯನದ ಮೊದಲ ಪಠ್ಯಕ್ರಮ ಒಟ್ಟು 50 ತರಗತಿಗಳದ್ದಾಗಿತ್ತು. ಅದರ ಆರನೇ ಘಟಕಕ್ಕೆ ‘ಸಾಮಾಜಿಕ ಸಮಸ್ಯೆಗಳು ಮತ್ತು ಪರಿಸರ’ ಎಂದು ಹೆಸರು, ಮೀಸಲಿಟ್ಟದ್ದು ಏಳು ತರಗತಿ. ಸುಸ್ಥಿರ ಅಭಿವೃದ್ಧಿ, ನಗರಗಳ ಇಂಧನ ಸಮಸ್ಯೆ, ಮಳೆನೀರು ಕೊಯ್ಲು, ಪುನರ್ವಸತಿ, ಬಂಜರು ಭೂಮಿ, ಕೊಳ್ಳುಬಾಕತನ, ಜಲ–ವಾಯು–ಅರಣ್ಯ–ವನ್ಯಜೀವಿ ಕಾಯ್ದೆಗಳು ಎಲ್ಲವೂ ಆ ಏಳರಲ್ಲೇ ಮುಗಿಯಬೇಕಿತ್ತು. ಇವುಗಳ ನಡುವೆ ಒಂದು ಸಾಲು ಬರುತ್ತಿತ್ತು: ಹವಾಗುಣ ಬದಲಾವಣೆ, ಜಾಗತಿಕ ತಾಪಮಾನ ಏರಿಕೆ, ಆಮ್ಲ ಮಳೆ, ಓಝೋನ್ ಪದರದ ಸವಕಳಿ, ಅಣು ಅವಘಡ ಮತ್ತು ಅಣುವಿನಾಶ. ಇಷ್ಟನ್ನೂ ಹಂಚಿಕೊಟ್ಟ ಮೇಲೆ ಭೂಮಿ ಏಕೆ ಬಿಸಿಯಾಗುತ್ತಿದೆ ಎಂದು ವಿವರಿಸಲು ಉಪನ್ಯಾಸಕರಿಗೆ ಕಾಲು ಗಂಟೆ ಸಿಕ್ಕಿದ್ದರೆ ಪುಣ್ಯ.

ಇದರ ಹಿಂದಿನ ಆಶಯವೇನೋ ದೊಡ್ಡದೇ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದಿತು. ಯಾರೂ ಅಲುಗದಿದ್ದಾಗ 2003ರಲ್ಲಿ ಮತ್ತೆ ಚಾಟಿ ಬೀಸಿತು. ಪಠ್ಯಕ್ರಮವೂ ಬಂತು, ಎರಾಚ್ ಭರೂಚಾ ಬರೆದ ಪುಸ್ತಕವೂ ಬಂತು. ಆದರೆ ಕಾಲೇಜುಗಳಲ್ಲಿ ಅದು ‘ಪಾಸಾದರೆ ಸಾಕು’ ಪತ್ರಿಕೆಯಾಗಿ ಹೋಯಿತು. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ತಿರುವಿದವರಿಗೂ ಅಂಕ ಬೀಳುತ್ತದೆ. ಓಝೋನ್ ಪದರದಲ್ಲಿ ತೂತು ಬಿದ್ದು ಬಿಸಿಲು ಒಳಗೆ ನುಗ್ಗಿದ್ದರಿಂದ ಭೂಮಿ ಕಾಯುತ್ತಿದೆ ಎಂಬ ತಪ್ಪು ತಿಳಿವಳಿಕೆ ಜಗತ್ತಿನ ಎಲ್ಲೆಡೆ ಇದೆ. ನಮ್ಮಲ್ಲಿ ಪಠ್ಯಕ್ರಮವೇ ಎರಡನ್ನೂ ಒಂದು ಸಾಲಿನಲ್ಲಿ ಕೂರಿಸಿದ್ದಾಗ ವಿದ್ಯಾರ್ಥಿಯನ್ನು ದೂರಿ ಫಲವೇನು? 2023ರ ಹೊಸ ಚೌಕಟ್ಟು ಹವಾಗುಣ ಬದಲಾವಣೆಗೆ ಒಂದು ಇಡೀ ಘಟಕ ಕೊಟ್ಟಿರುವುದು ಒಳ್ಳೆಯ ಸುದ್ದಿ. ಆದರೂ ಅದರ ಒತ್ತು ಪರಿಣಾಮ, ಹೊಂದಾಣಿಕೆ, ತಗ್ಗಿಸುವಿಕೆಯ ಕಡೆಗೇ. ‘ಇದೆಲ್ಲ ಗೊತ್ತಾದದ್ದು ಹೇಗೆ?’ ಎಂದು ಕೇಳುವ ಅಭ್ಯಾಸ ಅಷ್ಟರಿಂದ ಬರುವುದಿಲ್ಲ. ಹವಾಗುಣ ವಿಜ್ಞಾನದ ಮೊದಲ ಕೋರ್ಸು ಆ ಪ್ರಶ್ನೆಯಿಂದಲೇ ಶುರುವಾಗಬೇಕು, ಉತ್ತರವನ್ನು ವಿದ್ಯಾರ್ಥಿ ಲೆಕ್ಕ ಮಾಡಿಯೇ ಪಡೆಯಬೇಕು.

ಗಣಿತವೆಂದರೆ ಬಿ.ಎ., ಬಿ.ಕಾಂ. ಮಕ್ಕಳು ಓಡಿಹೋಗುತ್ತಾರೆ ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಬೇಕಾದ ಗಣಿತ ಎಷ್ಟೆಂದು ನೋಡೋಣ. ಸೂರ್ಯನಿಂದ ಭೂಮಿಯ ಬಳಿ ಪ್ರತಿ ಚದರ ಮೀಟರಿಗೆ ಸುಮಾರು 1361 ವಾಟ್ ಶಕ್ತಿ ಬರುತ್ತದೆ. ಗೋಳದ ಮೇಲ್ಮೈ ಅದರ ನೆರಳಿನ ತಟ್ಟೆಯ ನಾಲ್ಕರಷ್ಟು. ಹಾಗಾಗಿ ನಾಲ್ಕರಿಂದ ಭಾಗಿಸಿದರೆ 340. ಮೋಡ, ಹಿಮ, ಮರಳು ಸೇರಿ ಅದರಲ್ಲಿ ಶೇ 30ರಷ್ಟನ್ನು ವಾಪಸು ಕಳಿಸುತ್ತವೆ, ಉಳಿದದ್ದು 238. ಇಷ್ಟೇ ಶಕ್ತಿಯನ್ನು ಭೂಮಿಯೂ ಹೊರಗೆ ಬಿಡಬೇಕು, ಇಲ್ಲದಿದ್ದರೆ ಕಾಯುತ್ತಲೇ ಹೋಗುತ್ತದೆ. ಒಂದು ವಸ್ತು ಇಷ್ಟು ಬಿಸಿಯಿದ್ದರೆ ಇಷ್ಟು ಶಕ್ತಿ ಬಿಡುತ್ತದೆ ಎಂಬ ಸ್ಟೆಫಾನ್–ಬೋಲ್ಟ್ಸ್‌ಮನ್ ಸೂತ್ರವನ್ನು ಮೊಬೈಲಿನ ಕ್ಯಾಲ್ಕುಲೇಟರಿಗೆ ಹಾಕಿ ಎರಡು ಸಲ ವರ್ಗಮೂಲ ಒತ್ತಿ, ಕೆಲ್ವಿನ್‌ನಲ್ಲಿ ಬಂದದ್ದನ್ನು ಸೆಲ್ಸಿಯಸ್‌ಗೆ ಬದಲಿಸಿದರೆ ಉತ್ತರ ಬರುತ್ತದೆ: ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್.

ಭೂಮಿಯ ನಿಜವಾದ ಸರಾಸರಿ ತಾಪಮಾನ ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು ಉಪನ್ಯಾಸಕರು ಸುಮ್ಮನೆ ಕೂತರೂ ನಡೆಯುತ್ತದೆ. ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್‌ನ ಪಾತ್ರ ಆಗ ಬಾಯಿಪಾಠದ ಸಾಲಾಗಿ ಬರದೆ, ಕಣ್ಣೆದುರಿನ ಲೆಕ್ಕದ ಕೊರತೆ ತುಂಬಲು ಬರುತ್ತದೆ. ಮುಂದಿನ ತರಗತಿಗೆ ಶುಕ್ರನನ್ನು ಕರೆಯಬಹುದು. ಅದು ಸೂರ್ಯನಿಗೆ ನಮಗಿಂತ ಹತ್ತಿರ. ಆದರೆ ಅದರ ದಟ್ಟ ಮೋಡಗಳು ಬೆಳಕಿನ ಮುಕ್ಕಾಲು ಪಾಲನ್ನು ಹಿಂದಕ್ಕೆಸೆಯುವುದರಿಂದ ಅದು ಹೀರಿಕೊಳ್ಳುವ ಶಕ್ತಿ ಭೂಮಿಗಿಂತ ಕಡಿಮೆ. ಅದೇ ಲೆಕ್ಕ ಹಾಕಿದರೆ ಶುಕ್ರ ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ ಇರಬೇಕು. ನಿಜದಲ್ಲಿ ನೆಲದ ಮೇಲೆ ಸುಮಾರು 460 ಡಿಗ್ರಿ. ವಾತಾವರಣ ಬಹುಪಾಲು ಇಂಗಾಲದ ಡೈಆಕ್ಸೈಡ್ ಎಂದ ಮೇಲೆ ಹೆಚ್ಚು ಹೇಳಬೇಕಾಗಿಲ್ಲ.

ಇದು ಕಲ್ಪನೆಯ ತರಗತಿಯಲ್ಲ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಆರ್ಚರ್ ವಿಜ್ಞಾನ ಓದದ ಪದವಿ ವಿದ್ಯಾರ್ಥಿಗಳಿಗಾಗಿಯೇ ಇಂಥ ಕೋರ್ಸು ಕಟ್ಟಿದರು, ಅದರಿಂದಲೇ ಪಠ್ಯಪುಸ್ತಕ ಬರೆದರು, ಕಂಪ್ಯೂಟರ್ ಮಾದರಿಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅವುಗಳಲ್ಲೊಂದು ಮೋಡ್‌ಟ್ರಾನ್. ಎತ್ತರದಿಂದ ಕೆಳಗೆ ನೋಡಿದರೆ ಭೂಮಿಯ ಅವಕೆಂಪು ಬೆಳಕು ಹೇಗೆ ಕಾಣುತ್ತದೆ ಎಂದು ಅದು ರೇಖಾಚಿತ್ರದಲ್ಲಿ ತೋರಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೀರುವ ಕಡೆ ರೇಖೆಯಲ್ಲಿ ಒಂದು ಆಳವಾದ ಗುಂಡಿ. ಅನಿಲದ ಪ್ರಮಾಣ ಹೆಚ್ಚಿಸುತ್ತ ಹೋದರೆ ಗುಂಡಿ ಅಗಲವಾಗುತ್ತದೆ. ತಮಾಷೆಯೆಂದರೆ ಇದು ಪರಿಸರವಾದಿಗಳ ಕೂಸಲ್ಲ, ಅಮೆರಿಕದ ವಾಯುಪಡೆಯ ಸಂಶೋಧಕರು ಬೆಳೆಸಿದ ಸಾಧನ. ಶತ್ರುವಿಮಾನದ ಶಾಖ ಹುಡುಕುವವರಿಗೆ ವಾತಾವರಣ ಯಾವ ಕಿರಣವನ್ನು ನುಂಗುತ್ತದೆಂದು ನಿಖರವಾಗಿ ಗೊತ್ತಿರಬೇಕು. ‘ಇದೆಲ್ಲ ರಾಜಕೀಯ’ ಎನ್ನುವ ವಿದ್ಯಾರ್ಥಿಗೆ ಇದಕ್ಕಿಂತ ಚೊಕ್ಕ ಉತ್ತರ ಸಿಗುವುದು ಕಷ್ಟ.

ಇನ್ನೊಂದು ಲೆಕ್ಕವನ್ನು ಕಾಲೇಜಿನ ಪಾರ್ಕಿಂಗಿನಲ್ಲೇ ಮಾಡಬಹುದು. ಒಂದು ಲೀಟರ್ ಪೆಟ್ರೋಲ್ ತೂಗುವುದು ಸುಮಾರು ಮುಕ್ಕಾಲು ಕೆ.ಜಿ. ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕೆ.ಜಿ. ಬಹುತೇಕರು ಇದನ್ನು ನಂಬುವುದಿಲ್ಲ. ಒಂದು ಇಂಗಾಲದ ಪರಮಾಣು ಗಾಳಿಯಿಂದ ಎರಡು ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, 12 ಇದ್ದದ್ದು 44 ಆಗುತ್ತದೆ. ಪಿಯುಸಿಯ ರಸಾಯನಶಾಸ್ತ್ರ ಇಷ್ಟಕ್ಕೆ ಸಾಕು.

ಸೂರ್ಯನೇ ಹೆಚ್ಚು ಉರಿಯುತ್ತಿದ್ದರೆ? ಈ ಪ್ರಶ್ನೆಯನ್ನು ಬಾಯಿ ಮುಚ್ಚಿಸದೆ ಎತ್ತಿಕೊಳ್ಳಬೇಕು. ಸೂರ್ಯ ಕಾರಣವಾಗಿದ್ದರೆ ವಾತಾವರಣ ಮೇಲಿನವರೆಗೂ ಬಿಸಿಯಾಗಬೇಕಿತ್ತು. ಅಳತೆಗಳು ಹೇಳುವುದು ಬೇರೆ: ಕೆಳಗೆ ಬಿಸಿ ಏರುತ್ತಿದೆ, ಸ್ಟ್ರಾಟೋಸ್ಫಿಯರ್ ಎಂಬ ಮೇಲಿನ ಪದರ ತಣ್ಣಗಾಗಿದೆ. ಸ್ಯುಕುರೊ ಮನಾಬೆ 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ ಗುರುತು ಇದು. ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದದ್ದು 2021ರಲ್ಲಿ. ಆ ತಂಪಿನಲ್ಲಿ ಓಝೋನ್ ನಷ್ಟದ್ದೂ ಒಂದು ಪಾಲಿದೆ. ಓಝೋನಿಗೂ ತಾಪಕ್ಕೂ ಇರುವ ನಂಟನ್ನು ಸರಿಯಾದ ಜಾಗದಲ್ಲಿ ಇಟ್ಟು ವಿವರಿಸುವ ಅವಕಾಶವೂ ಇಲ್ಲೇ ಸಿಗುತ್ತದೆ. ಗಾಳಿಯಲ್ಲಿ ಹೆಚ್ಚಿದ ಇಂಗಾಲ ಎಲ್ಲಿಂದ ಬಂತೆಂಬುದಕ್ಕೂ ಸಾಕ್ಷಿಯಿದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು, ಎಣ್ಣೆಯಲ್ಲಿ ಕಾರ್ಬನ್–14 ಉಳಿದಿರುವುದಿಲ್ಲ. ಅವುಗಳ ಹೊಗೆ ಬೆರೆತಂತೆ ಗಾಳಿಯಲ್ಲಿ ಅದರ ಪಾಲು ತೆಳುವಾಗುವುದನ್ನು ಹಾನ್ಸ್ ಸ್ಯೂಸ್ 1950ರ ದಶಕದಲ್ಲೇ ಗುರುತಿಸಿದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್‌ನವು. ಈಗ 420 ದಾಟಿದೆ.

ಷಿಕಾಗೊದ ಕೋರ್ಸನ್ನು ಹಾಗೇ ತಂದು ಇಲ್ಲಿ ಇಳಿಸಿದರೆ ಸಾಕೇ ಎಂದರೆ, ಖಂಡಿತ ಸಾಲದು. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ 14 ಟನ್ನಿನ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಭಾರತದಲ್ಲಿ ಸುಮಾರು 2 ಟನ್. ಅಲ್ಲಿನವರಿಗೆ ‘ಕಾರು ಕಡಿಮೆ ಓಡಿಸಿ’ ಎಂದು ಹೇಳಿದ್ದನ್ನು ಸರ್ಕಾರಿ ಬಸ್ಸಿನಲ್ಲಿ ನೇತಾಡಿಕೊಂಡು ಕಾಲೇಜಿಗೆ ಬರುವ ದೇವದುರ್ಗದ ಹುಡುಗಿಗೆ ಹೇಳುವುದು ಅಸಂಬದ್ಧ. ಈ ಅಂತರವೂ ಪಾಠದ ಭಾಗವೇ.

ಅದಕ್ಕಿಂತ ದೊಡ್ಡ ಕೊರತೆ ಮುಂಗಾರು. ಇಲ್ಲಿನ ಕೋರ್ಸಿನ ನಡುಮನೆಯಲ್ಲಿ ಮುಂಗಾರು ಇರಬೇಕು. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ, ಆದ್ದರಿಂದ ಗಾಳಿ ಕಡಲಿನಿಂದ ನೆಲಕ್ಕೆ ಬೀಸಿ ಮಳೆ ತರುತ್ತದೆ ಎಂದು ಹೈಸ್ಕೂಲಿನಿಂದಲೂ ಓದುತ್ತೇವೆ. ಎಡ್ಮಂಡ್ ಹ್ಯಾಲಿ 1686ರಲ್ಲಿ ಹೇಳಿದ್ದ ವಿವರಣೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಇದನ್ನು ಸರಳ ಅಂಕಿಗಳಿಂದ ಪರೀಕ್ಷೆಗೊಡ್ಡಿದರು. ನೆಲದ ಕಾವೇ ಮಳೆ ಎಳೆಯುವುದಾದರೆ ಮಧ್ಯ ಭಾರತ ಅತಿ ಹೆಚ್ಚು ಕಾಯುವ ಮೇ ತಿಂಗಳಲ್ಲಿ ಮಳೆ ಹೆಚ್ಚಿರಬೇಕಿತ್ತು, ಹಾಗಿಲ್ಲ. ಕಾವು ಹೆಚ್ಚಿದ ವರ್ಷ ಮಳೆಯೂ ಹೆಚ್ಚಬೇಕಿತ್ತು. ಆಗುವುದು ತಿರುಗುಮುರುಗು: ಮಳೆ ಕೈಕೊಟ್ಟ ವರ್ಷವೇ ನೆಲ ಹೆಚ್ಚು ಬಿಸಿ. ಸಮಭಾಜಕದ ಬಳಿ ಭೂಮಿಯನ್ನು ಸುತ್ತುವರಿದ ಮೋಡ–ಮಳೆಯ ಪಟ್ಟಿ ಋತುವಿನೊಂದಿಗೆ ಉತ್ತರಕ್ಕೆ ಸರಿದು ಬರುವುದೇ ಮುಂಗಾರು ಎಂಬ ವಿವರಣೆ ಈ ಅಂಕಿಗಳಿಗೆ ಚೆನ್ನಾಗಿ ಒಗ್ಗುತ್ತದೆ. 2025ರಲ್ಲಿ ತೀರಿಕೊಂಡ ಅವರು ಮುಂಗಾರಿನ ಬಗ್ಗೆ ವಿದ್ಯಾರ್ಥಿಗಳಿಗೆಂದೇ ‘ರೆಸೊನೆನ್ಸ್’ ಪತ್ರಿಕೆಯಲ್ಲಿ ಲೇಖನಮಾಲೆ ಬರೆದರು, ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿ ಯಾವಾಗ ಬಿತ್ತಿದರೆ ಒಳಿತು ಎಂಬುದನ್ನೂ ಮಳೆಯ ದಾಖಲೆಗಳಿಂದ ಅಧ್ಯಯನ ಮಾಡಿದರು. ಪಠ್ಯಪುಸ್ತಕದ ಸಾಲನ್ನು ಅಂಕಿಯ ಮುಂದೆ ನಿಲ್ಲಿಸಿ ಪ್ರಶ್ನಿಸುವುದು ಹೇಗೆಂದು ಕಲಿಸಲು ಇಷ್ಟು ಹತ್ತಿರದ ಉದಾಹರಣೆ ಇರುವಾಗ ಹಿಮಕರಡಿಯ ಚಿತ್ರ ತೋರಿಸುತ್ತ ಕೂರುವುದೇಕೆ?

ಅಂಕಿಗಳಿಗೇನೂ ಬರವಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲೇ, 1890ರ ದಶಕದಲ್ಲಿ, ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಬೆಂಗಳೂರಿನ ಹವಾ ವೀಕ್ಷಣಾಲಯವನ್ನು ನೋಡಿಕೊಳ್ಳುತ್ತಿದ್ದರು. ಕಾಲೇಜು ಮೇಷ್ಟರೇ ಮಳೆಯ ಲೆಕ್ಕ ಇಡುತ್ತಿದ್ದ ಪರಂಪರೆ ನಮ್ಮದು. ಇವತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಒಟ್ಟು ಆರು ಸಾವಿರಕ್ಕೂ ಹೆಚ್ಚು. ವಿದ್ಯಾರ್ಥಿ ತನ್ನ ತಾಲ್ಲೂಕಿನ ಹಳೆಯ ಮಳೆ ಅಂಕಿಗಳನ್ನು ಎಕ್ಸೆಲ್‌ಗೆ ತುಂಬಿ ಗೆರೆ ಎಳೆದರೆ ಮೊದಲು ಕಾಣುವುದು ಗೊಂದಲ. ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ, ಬೇಕೆಂದ ಕಡೆಗೆ ಗೆರೆ ಬಾಗುವುದಿಲ್ಲ. ಈ ನಿರಾಸೆ ಬಹಳ ಮುಖ್ಯವಾದದ್ದು, ಆತುರದ ತೀರ್ಮಾನವನ್ನು ಅದು ತಡೆಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದವು, 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದವು, 2024ರ ಬೇಸಿಗೆಯಲ್ಲಿ ಅದೇ ಬೆಂಗಳೂರು ಟ್ಯಾಂಕರಿಗೆ ಕಾಯಿತು. ಎಲ್ಲವನ್ನೂ ಹವಾಗುಣದ ತಲೆಗೆ ಕಟ್ಟುವುದು ರಾಜಕಾರಣಿಗಳಿಗೆ ಅನುಕೂಲ. ಒಂದು ಡಿಗ್ರಿ ಕಾವೇರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ದೊಡ್ಡ ಮಳೆ ಇನ್ನೂ ದೊಡ್ಡದಾಗಲು ಅದು ಕಾರಣ. ರಾಜಕಾಲುವೆ ಒತ್ತುವರಿಗೆ ಮಾತ್ರ ಅದು ಕಾರಣವಲ್ಲ. ಇವೆರಡನ್ನೂ ಬಿಡಿಸಿ ನೋಡಬಲ್ಲವರನ್ನು ಕೋರ್ಸು ತಯಾರು ಮಾಡಬೇಕು.

ಕಲಿಸುವವರು ಯಾರು ಎಂಬುದು ನಿಜವಾದ ತೊಡಕು. ಪರಿಸರ ಅಧ್ಯಯನ ಅನೇಕ ಕಾಲೇಜುಗಳಲ್ಲಿ ವರ್ಕ್‌ಲೋಡ್ ಕಡಿಮೆ ಬಿದ್ದವರಿಗೋ ಅತಿಥಿ ಉಪನ್ಯಾಸಕರಿಗೋ ಹೋಗುವ ಪತ್ರಿಕೆ. ಭೂಗೋಳದವರೂ ಭೌತಶಾಸ್ತ್ರದವರೂ ಜೊತೆಯಾಗಿ ಕಲಿಸುವಂತಾದರೆ ಅರ್ಧ ಕೆಲಸ ಮುಗಿದಂತೆ. ವಿಜ್ಞಾನ ಸಂಸ್ಥೆಯಲ್ಲಿ 2009ರಿಂದ ದಿವೇಚಾ ಹವಾಗುಣ ಬದಲಾವಣೆ ಕೇಂದ್ರವಿದೆ. ಅಂಥ ಕಡೆ ಬೇಸಿಗೆ ರಜೆಯಲ್ಲಿ ಎರಡು ವಾರದ ತರಬೇತಿ ಏರ್ಪಡಿಸುವುದು ಉನ್ನತ ಶಿಕ್ಷಣ ಇಲಾಖೆಗೆ ಭಾರವಾಗಲಾರದು. ಕನ್ನಡ ಮಾಧ್ಯಮದವರಿಗೆ ಅಭ್ಯಾಸಗಳ ಪುಸ್ತಕ ಕನ್ನಡದಲ್ಲೇ ಬೇಕು, ಗೈಡುಗಳ ಅನುವಾದದಲ್ಲಿ ಅಲ್ಲ.

ಪ್ರಶ್ನೆಪತ್ರಿಕೆಯೂ ಬದಲಾಗಬೇಕು. ‘ಜಾಗತಿಕ ತಾಪಮಾನ: ಟಿಪ್ಪಣಿ ಬರೆಯಿರಿ’ ಎಂಬುದರ ಜಾಗದಲ್ಲಿ ಹೀಗೆ ಕೇಳಬಹುದು: ‘ನಿಮ್ಮ ಹೋಬಳಿಯ 30 ವರ್ಷಗಳ ಜೂನ್ ಮಳೆ ಇಲ್ಲಿದೆ. ಮಳೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ ಎಂದು ಗ್ರಾಮಸಭೆಯಲ್ಲಿ ಒಬ್ಬರು ವಾದಿಸಿದರು. ಅಂಕಿಗಳು ಒಪ್ಪುತ್ತವೆಯೇ? ಇನ್ನೂ ಯಾವ ಮಾಹಿತಿ ಬೇಕು?’ ಕೀ ಆನ್ಸರ್ ಹಿಡಿದು ಅಂಕ ಕೊಡುವ ವ್ಯವಸ್ಥೆಗೆ ಇದು ಒಗ್ಗದು, ಹತ್ತು ಮಂದಿ ಹತ್ತು ಬಗೆಯಲ್ಲಿ ಬರೆಯುತ್ತಾರೆ. ಸೆಮಿಸ್ಟರ್ ಪರೀಕ್ಷೆ ತಿದ್ದಲು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಕೂರಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಇಂಟರ್ನಲ್ಸ್ ಅಂಕಗಳು ಮಾತ್ರ ಹೆಚ್ಚುಕಡಿಮೆ ಉಪನ್ಯಾಸಕರ ಕೈಯಲ್ಲೇ ಇವೆ, ಈ ಸೆಮಿಸ್ಟರಿನಲ್ಲೇ ಅಲ್ಲಿಂದ ಶುರು ಮಾಡಬಹುದು.